ಒಳಪಟ್ಟಿ

ಆಯುಧಪೂಜೆಯ ದಿನ ಮರಗೆಲಸದ ಶೆಡ್ಡಿನ ಬೀಗದ ಕೈ ಶಿಷ್ಯ ವಸಂತನಿಗೆ, ಅಲ್ಲಿಂದ ಶೆಡ್ ಅವನದೇ ಎಂದು ಪುಟ್ಟಯ್ಯ ಮೇಸ್ತ್ರಿ ನಾಲ್ಕು ಜನರೆದುರು ಹೇಳಿಯಾಗಿತ್ತು. ಪೂಜೆ ನಾಳೆ. ಭದ್ರಾವತಿ ನ್ಯೂ ಟೌನಿನ ಆ ಶೆಡ್ಡಿನಲ್ಲಿ ವಸಂತ್ ಉಳಿಗಳನ್ನೆಲ್ಲ ಮಸೆದು, ಎಣ್ಣೆ ಸವರಿ, ಸಾಲಾಗಿ ಜೋಡಿಸಿಟ್ಟಿದ್ದ.

ಮೇಸ್ತ್ರಿಗೆ ವಯಸ್ಸಾಗಿತ್ತು. ಒಂದು ಕಾಲಕ್ಕೆ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಕೆತ್ತುತ್ತಿದ್ದ ಕೈ ಈಗ ಲೋಟ ಹಿಡಿದರೂ ನಡುಗುತ್ತಿತ್ತು. ಗಿರಾಕಿಗಳು ಅವರೆದುರೇ “ವಸಂತ್ ಇಲ್ವಾ?” ಎಂದು ಕೇಳುತ್ತಿದ್ದರು. ಮೇಸ್ತ್ರಿ ನಗುತ್ತಲೇ ಅವರಿಗೆ ಕುರ್ಚಿ ಹಾಕುತ್ತಿದ್ದರು. ಆ ನಗುವನ್ನು ವಸಂತ್ ಪ್ರೀತಿ ಎಂದುಕೊಂಡಿದ್ದ.

ಮಧ್ಯಾಹ್ನ ಶಿವಮೊಗ್ಗದ ನವುಲೆಯಿಂದ ಸಾವಿತ್ರಮ್ಮ ಬಂದರು, ಊಟದ ಮೇಜಿನ ಹಲಗೆ ಒಯ್ಯಲು. ಮಲವಗೊಪ್ಪದಲ್ಲಿ ಅವರ ಗಂಡ ನೆಟ್ಟಿದ್ದ ಹಲಸಿನ ಮರದ್ದು. ಗಂಡನೂ ಇಲ್ಲ, ಮರವೂ ಇಲ್ಲ. ಉಳಿದದ್ದು ಎರಡೇ ಹಲಗೆ. ವಸಂತ್ ಎರಡರ ಅಂಚಿಗೂ ಉದ್ದಕ್ಕೆ ಸಣ್ಣ ಕಾಲುವೆಯಂಥ ಗ್ರೂವ್ ಹೊಡೆದು, ನಡುವೆ ಕೆಂಪು ಪ್ಲೈವುಡ್ಡಿನ ತೆಳುಪಟ್ಟಿ ಕೂರಿಸಿ, ಅಂಟು ಹಾಕಿ ಕ್ಲಾಂಪಿನಲ್ಲಿ ಬಿಗಿದಿದ್ದ. ಗ್ರೂವನ್ನು ತುದಿ ಮುಟ್ಟಿಸದೆ ಒಳಗೇ ನಿಲ್ಲಿಸಿದ್ದರಿಂದ ಪಟ್ಟಿ ಯಾವ ಕಡೆಯಿಂದಲೂ ಕಾಣುತ್ತಿರಲಿಲ್ಲ.

ಸಾವಿತ್ರಮ್ಮ ಜೋಡಿಸಿದ ಗೆರೆಯ ಮೇಲೆ ಉಗುರಾಡಿಸಿದರು. “ಹಿಂದಿನ ಮೇಜು ಒಂದೇ ಬೇಸಿಗೆಗೆ ಬಾಯಿ ಬಿಡ್ತು ಮಾರಾಯ. ಬರೀ ಅಂಟಂತೆ. ಇದ್ರೊಳಗೆ ಪಟ್ಟಿ ಇದೆ ತಾನೆ?”

“ಇದೆ ಅಮ್ಮ. ಮೇಸ್ತ್ರಿನ ಕೇಳಿ, ಪಟ್ಟಿ ಕೂರಿಸುವಾಗ ಆ ಕಡೆ ಹಿಡ್ಕೊಂಡಿದ್ದು ಅವರೇ.”

ಪುಟ್ಟಯ್ಯ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡರು. “ನಾನಾ? ಅವತ್ತು ನಾನು ಶಿವಮೊಗ್ಗಕ್ಕೆ ಹೋಗಿದ್ದೆ ಕಣಪ್ಪ.”

ವಸಂತ್ ತಮಾಷೆ ಎಂದು ನಕ್ಕ. ಮೇಸ್ತ್ರಿ ನಗಲಿಲ್ಲ. ಸಾವಿತ್ರಮ್ಮ ಹಲಗೆಯ ಮೇಲಿದ್ದ ಕೈ ತೆಗೆದರು.

“ತುದಿ ನಾಲ್ಕಿಂಚು ಕೊಯ್ದು ತೋರಿಸ್ಲಾ ಅಮ್ಮ?” ಎಂದ ವಸಂತ್. ಅವನ ದನಿ ಏರಿತ್ತು.

“ತುದೀಲಿ ಗೇಣುದ್ದ ತೂರಿಸಿ ನಡುವೆ ಖಾಲಿ ಬಿಡೋರೂ ಇದಾರೆ,” ಎಂದರು ಮೇಸ್ತ್ರಿ ತಣ್ಣಗೆ. “ನಿನ್ನ ಅಂತಿಲ್ಲಪ್ಪ. ಈಗಿನೋರ ಕೈ ಸ್ಪೀಡು ಅಮ್ಮ, ನಮ್ಮ ಹಂಗಲ್ಲ.”

“ನಡುವೇ ನೋಡ್ತೀರಾ? ನೋಡಿ!” ವಸಂತ್ ಕಟಿಂಗ್ ಮಷಿನ್ ಎತ್ತಿಕೊಂಡ.

“ಬೇಡ ಕಣೋ, ನಿಲ್ಸು!” ಎಂದು ಸಾವಿತ್ರಮ್ಮ ಕೂಗಿದ್ದು ಕಟಿಂಗ್ ಮಷಿನ್ನಿನ ಸದ್ದಿನಲ್ಲಿ ಮುಳುಗಿತು. ಹಲಗೆ ನಟ್ಟನಡುವೆ ಅಡ್ಡಕ್ಕೆ ಎರಡಾಯಿತು. ಕೊಯ್ದ ಮುಖದಲ್ಲಿ, ಹಲಸಿನ ಹಳದಿಯ ಮಧ್ಯೆ, ಪಟ್ಟಿ ಕೂದಲೆಳೆ ಸಂದೂ ಇಲ್ಲದೆ ಕೆಂಪಗೆ ಕೂತಿತ್ತು.

“ನೋಡಿದ್ರಾ ಅಮ್ಮ!” ವಸಂತ್ ಗೆದ್ದವನಂತೆ ತಿರುಗಿದ.

ಸಾವಿತ್ರಮ್ಮ ಪಟ್ಟಿಯನ್ನು ನೋಡುತ್ತಿರಲಿಲ್ಲ. “ಪಟ್ಟಿ ಇದೆ. ಮೇಜೆಲ್ಲಿ?” ಎಂದರು.

ಆಗ ಪುಟ್ಟಯ್ಯ ಎದ್ದರು. ಒಂದು ತುಂಡನ್ನು ಮಗುಚಿ, ಜೋಡಿಸಿದ ಗೆರೆಯ ಮಗ್ಗುಲಿಗೆ ಸಣ್ಣ ಡ್ರಿಲ್ ಇಟ್ಟು ಒತ್ತಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಮೊದಲು ಹಳದಿ ಹುಡಿ ಬಂತು, ಆಮೇಲೆ ಕೆಂಪು ಹುಡಿ. ಅದನ್ನು ಚಿಟಿಕೆಯಲ್ಲಿ ತೆಗೆದು ಸಾವಿತ್ರಮ್ಮನ ಅಂಗೈಗೆ ಹಾಕಿದರು.

“ಹೀಗೂ ನೋಡಬಹುದಿತ್ತಮ್ಮ. ಕೆಂಪು ಬಂದ್ರೆ ಪಟ್ಟಿ ಇದೆ ಅಂತ. ಬೇಕಾದ್ರೆ ನಡುವೆಯೂ ಒಂದು ತೂತು. ಅಡಿಭಾಗ ಅಲ್ವಾ, ಹಲಸಿನ ಚೂರು ಬಡಿದು ಉಜ್ಜಿದ್ರೆ ಮುಗೀತು. ಯಾರಿಗೂ ಕಾಣಲ್ಲ.”

ವಸಂತ್ ಮಷಿನ್ ಕೆಳಗಿಟ್ಟ. “ಮೊದಲೇ ಹೇಳಬಾರದಿತ್ತಾ ಮೇಸ್ತ್ರಿ?”

“ಶೆಡ್ ನಡೆಸೋನಿಗೆ ಇಷ್ಟೂ ಗೊತ್ತಿಲ್ಲ ಅಂತ ನಾನೇನು ಕನಸು ಕಂಡಿದ್ನಾ?”

ಸಾವಿತ್ರಮ್ಮ ಅಂಗೈಯ ಹುಡಿಯನ್ನು ಕೊಡವಿದರು. “ಇವನ ಕೈಗೆ ಶೆಡ್ ಕೊಡ್ತೀರಂತೆ?”

“ಕೊಡೋಣ ಅಂತಿದ್ದೆ ಅಮ್ಮ. ಒಳ್ಳೇದಾಯ್ತು, ನಿಮ್ಮ ಮುಂದೇನೇ ಗೊತ್ತಾಯ್ತು.”

ಸಾವಿತ್ರಮ್ಮ ಹೋದ ಮೇಲೆ ಪುಟ್ಟಯ್ಯ ಮೊಳೆಗೆ ತೂಗುಹಾಕಿದ್ದ ಬೀಗದ ಕೈ ತೆಗೆದು ಜೇಬಿಗಿಳಿಸಿದರು. ವಸಂತ್ ಸಾಲಾಗಿಟ್ಟಿದ್ದ ಉಳಿಗಳಲ್ಲಿ ಅವನವನ್ನು ಆರಿಸಿ ಒಂದು ಚೀಲಕ್ಕೆ ತುಂಬಿ ಅವನ ಕಾಲ ಬಳಿ ಇಟ್ಟರು.

“ನೀವೇ ಹಿಡ್ಕೊಂಡಿದ್ರಿ,” ಎಂದ ವಸಂತ್, ಪಿಸುದನಿಯಲ್ಲಿ.

“ಹಿಡ್ಕೊಂಡಿದ್ದೆ,” ಎಂದರು ಪುಟ್ಟಯ್ಯ. “ಪಟ್ಟಿ ನೀನು ಚೆನ್ನಾಗಿ ಕೂರಿಸಿದ್ದೆ ಕಣೋ. ನಾನೂ ಅಷ್ಟು ಚೆನ್ನಾಗಿ ಕೂರಿಸ್ತಿರಲಿಲ್ಲ.” ಪೊರಕೆಯನ್ನು ಅವನತ್ತ ಚಾಚಿದರು. “ಹೊಟ್ಟು ಗುಡಿಸಿ ಹೋಗು. ನಾಳೆ ಪೂಜೆಗೆ ಬಾ, ಮಂಡಕ್ಕಿ ಕೊಡ್ತೀನಿ.”