ಎಕ್ಸ್‌ರೇ ಹಾಳೆಯ ಎಲೆ

ಪೇಟೆಯಲ್ಲಿ ಸಿಗುವ ರೆಡಿಮೇಡ್ ಸ್ಟೆನ್ಸಿಲ್‌ಗಳೆಂದರೆ ಬಣ್ಣದಕ್ಕನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎಲ್ಲರ ಮನೆಯ ಗೋಡೆಯ ಮೇಲೂ ಅದೇ ಚಿಟ್ಟೆ, ಅದೇ ಬಳ್ಳಿ ಬಳಿಯುವುದಕ್ಕೆ ತಾನು ಯಾಕೆ ಬೇಕು ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಗೋಡೆಗೆ ಬಣ್ಣ ಹೊಡೆದು ಪಳಗಿದ ಕೈ. ಅಚ್ಚುಗಳನ್ನು ತಾನೇ ಬರೆದು ತಾನೇ ಕತ್ತರಿಸುತ್ತಿದ್ದಳು, ಅದೂ ಹಳೆಯ ಎಕ್ಸ್‌ರೇ ಹಾಳೆಗಳಲ್ಲಿ. ಆ ಹಾಳೆ ಬಾಗುತ್ತದೆ, ಹರಿಯುವುದಿಲ್ಲ, ಎಷ್ಟು ಸಲ ಒರೆಸಿದರೂ ಅಂಚು ಮುದುಡುವುದಿಲ್ಲ. ಗುಜರಿ ಅಂಗಡಿಯವನು ರದ್ದಿಯಲ್ಲಿ ಎಕ್ಸ್‌ರೇ ಬಂದರೆ ಕವರಿನ ಸಮೇತ ಅವಳಿಗೆಂದೇ ಎತ್ತಿಡುತ್ತಿದ್ದ.

ಮನೆಯಲ್ಲಿ ಅತ್ತೆಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. "ಯಾರದ್ದೋ ಎದೆ ಕುಯ್ದು ಇನ್ಯಾರದ್ದೋ ಗೋಡೆಗೆ ಬಡೀತೀಯಲ್ಲೇ" ಎಂದು ಗೊಣಗುತ್ತಿದ್ದರು. "ಮೊಣಕಾಲಿಂದೂ ಇದೆ ಅತ್ತೆ. ನಿಮ್ಮದು ಕೊಡ್ತೀರಾ, ಚೆನ್ನಾಗಿರೋ ಗುಲಾಬಿ ಬರುತ್ತೆ" ಎಂದು ಸೊಸೆ ನಗುತ್ತಿದ್ದಳು.

ಬಸ್ ಡ್ರೈವರನ ಮನೆಯ ಕೆಲಸ ಬಂದದ್ದು ಅಂಥ ಒಂದು ಹಾಳೆ ಕೈಯಲ್ಲಿದ್ದಾಗಲೇ. ಎರಡನೇ ಮಹಡಿಯ ಚಿಕ್ಕ ಮನೆ, ಗಂಡ ಹೆಂಡತಿ ಇಬ್ಬರೇ. ಮಲಗುವ ಕೋಣೆಯಲ್ಲಿ ಮಂಚದ ತಲೆಯ ಕಡೆಯ ಗೋಡೆ ಒಂದನ್ನು ಮಾತ್ರ ಚೆಂದ ಮಾಡಿಕೊಡಬೇಕು ಅಂದ. ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಹೋಗಿದ್ದಳು. ಬಾಗಿಲ ಬಳಿ ನಿಂತು ಅವನು ದನಿ ತಗ್ಗಿಸಿ ಹೇಳಿದ: "ಹೋದ ವರ್ಷ ಏಳು ತಿಂಗಳಿಗೇ ಹೊಟ್ಟೆಯಲ್ಲೇ ಹೋಯ್ತಕ್ಕಾ, ಮಗು. ಅವತ್ತಿಂದ ಅವಳು ಅದರ ಬಗ್ಗೆ ಬಾಯೇ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಕೋಣೆಯ ಕಳೆ ಬದಲಾದ್ರೆ ಅವಳಿಗೂ ಸ್ವಲ್ಪ ಹಗುರ ಆಗುತ್ತೇನೋ ಅಂತ."

ಬಣ್ಣದಕ್ಕ ಅಂದು ಸಂಜೆ ಆ ಹಾಳೆಯನ್ನು ಕಿಟಕಿಯ ಗಾಜಿಗೆ ಆನಿಸಿ ನೋಡಿದಳು. ಯಾರದೋ ಎದೆಗೂಡು. ನಡುವೆ ಬೆನ್ನೆಲುಬು, ಎರಡೂ ಕಡೆ ಬಾಗಿ ಇಳಿದ ಪಕ್ಕೆಲುಬುಗಳು. ನೋಡುತ್ತ ನೋಡುತ್ತ ಅದೊಂದು ಜರೀಗಿಡದ ಎಲೆಯಂತೆಯೇ ಕಂಡಿತು. ಬೇರೆ ಚಿತ್ರ ಬರೆಯುವ ಗೋಜಿಗೇ ಹೋಗದೆ ಬೆನ್ನೆಲುಬನ್ನು ದಂಟಾಗಿಸಿ, ಒಂದೊಂದು ಪಕ್ಕೆಲುಬಿನ ಗುಂಟವೂ ಬ್ಲೇಡು ಎಳೆದು ಕತ್ತರಿಸಿದಳು. ಕೈ ಒಂದು ಸಲವೂ ಜಾರಲಿಲ್ಲ.

ಕೆಲಸ ಮೂರು ದಿನ ಹಿಡಿಯಿತು. ಮೊದಲ ದಿನ ಗೋಡೆ ಕೆರೆದು ಪ್ರೈಮರ್ ಹೊಡೆದಳು. ಎರಡನೇ ದಿನ ಬೂದುನೀಲಿ, ಎರಡು ಕೋಟು. ಮೂರನೇ ದಿನ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೇರ ಗೆರೆ ನೋಡಿಕೊಂಡು, ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಹಾಳೆಯನ್ನು ಟೇಪಿನಿಂದ ಅಂಟಿಸಿ, ಸ್ಪಂಜಿಗೆ ಹಾಲುಬಿಳುಪು ಬಣ್ಣವನ್ನು ಆಗಿಯೂ ಆಗದಷ್ಟು ಹಚ್ಚಿಕೊಂಡು ಒತ್ತುತ್ತ ಹೋದಳು. ಬಣ್ಣ ಹೆಚ್ಚಾದರೆ ಹಾಳೆಯ ಅಡಿಗೆ ಸೋರಿ ಎಲೆಯ ಅಂಚು ಕೆಡುತ್ತದೆ. ಒಂದು ಸಾಲು ಮುಗಿದ ಮೇಲೆ ಅದರ ಕೆಳಗೆ ಇನ್ನೊಂದು. ಮಧ್ಯಾಹ್ನ ಕಾರ್ಖಾನೆಯಿಂದ ಬಂದ ಅವನ ಹೆಂಡತಿ, ಇನ್ನೂ ಹುಡುಗಿಯಂಥವಳು, ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ತೋಳಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡಿತ್ತು.

"ತುಂಬಾ ಜನ ಇದ್ದ ಹಾಗಿದೆ" ಅಂದಳು.

"ಎಲೆಗಳಮ್ಮಾ" ಅಂದಳು ಬಣ್ಣದಕ್ಕ.

"ಹ್ಞಾಂ, ಎಲೆಗಳು" ಅಂದು ಹುಡುಗಿ ಒಳಗೆ ಹೋದಳು.

ಹತ್ತು ದಿನ ಕಳೆದಿರಬೇಕು, ಡ್ರೈವರನ ಫೋನು ಬಂತು. "ಅಕ್ಕಾ, ಒಂದ್ಸಲ ಬಂದು ಹೋಗಿ. ಗೋಡೆ ಕೆಮ್ಮುತ್ತೆ."

"ಗೋಡೆಗೂ ನೆಗಡಿನಾ? ತೇವ ಇರಬೇಕು ನೋಡಪ್ಪ" ಎಂದು ಅವಳು ನಕ್ಕಳು. ಅವನು ಹೇಳುತ್ತಲೇ ಹೋದ: "ನಿನ್ನೆ ನನಗೆ ರಜೆ ಇತ್ತು. ಮಧ್ಯಾಹ್ನ ಮಲಗಿದ್ದೆ. ಕಿವಿಯ ಹತ್ತಿರಾನೇ ಕೆಮ್ಮಿತು. ಇವಳನ್ನ ಎಬ್ಬಿಸಿದ್ರೆ, ಅದು ದಿನಾ ಇರೋದೇ ಅಂತ ಮಗ್ಗುಲು ಬದಲಾಯಿಸಿದ್ಲು."

ಬಣ್ಣದಕ್ಕ ಹೋದಾಗ ಮೂರು ಗಂಟೆಯ ಬಿಸಿಲು ಕೋಣೆಯ ತುಂಬ ಬಿದ್ದಿತ್ತು. ಗೋಡೆಯ ಆಚೆ ಇನ್ನೊಂದು ಮನೆಯಿಲ್ಲ, ಅದು ಹೊರಗೋಡೆ. ಕಿಟಕಿಯಿಂದ ಬಗ್ಗಿ ನೋಡಿದಳು. ಪೈಪೂ ಇಲ್ಲ, ಪಾರಿವಾಳದ ಗೂಡೂ ಇಲ್ಲ. ಕೆಳಗೆ ಬೀದಿ, ಬೀದಿಯಲ್ಲಿ ಒಂದು ನಾಯಿ. ಮಂಚದ ಅಂಚಿಗೆ ಕುಳಿತು ಕಾದಳು. ಡ್ರೈವರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ಒಳಗೆ ಕಾಲಿಡಲಿಲ್ಲ.

ಮೊದಲು ಕೇಳಿಸಿದ್ದು ಉಸಿರು. ಎಳೆದುಕೊಂಡು, ಒಂದು ಗಳಿಗೆ ತಡೆದು, ಬಿಡುವ ಉಸಿರು. ಆಮೇಲೆ ಕೆಮ್ಮು: ಎರಡು ಚಿಕ್ಕದು, ಬೆನ್ನಿಗೇ ಒಂದು ಉದ್ದದ್ದು. ಅದು ಯಾವ ಮೂಲೆಯಿಂದಲೂ ಬರಲಿಲ್ಲ. ಇಡೀ ಗೋಡೆಯಿಂದ ಬಂತು. ಬಣ್ಣದಕ್ಕ ಅಂಗೈ ಒತ್ತಿ ನೋಡಿದಳು. ಸುಣ್ಣ ಸಿಮೆಂಟಿನ ತಂಪು ಇರಬೇಕಾದ ಕಡೆ ಮೈಯ ಬಿಸುಪು ಇತ್ತು. ಅವಳ ಅಂಗೈಯ ಅಡಿಯಲ್ಲಿದ್ದ ಎಲೆ ಕೂದಲೆಳೆಯಷ್ಟು ಅಗಲವಾಯಿತು, ಮತ್ತೆ ಕಿರಿದಾಯಿತು. ಅದರ ಪಕ್ಕದ್ದೂ ಹಾಗೇ. ಸಾಲಿಗೆ ಸಾಲೇ ಹಾಗೆ ಅಗಲವಾಗಿ ಕಿರಿದಾಗುತ್ತಿತ್ತು.

ಕೈ ಕಿತ್ತುಕೊಂಡು ಹೇಗೆ ಮೆಟ್ಟಿಲು ಇಳಿದಳೋ ಅವಳಿಗೇ ತಿಳಿಯದು. "ಏನಕ್ಕಾ ಅದು? ಬೇರೆ ಬಣ್ಣ ಬಳಿಸಿಬಿಡ್ತೀನಿ" ಎಂದು ಮೇಲಿನಿಂದ ಅವನು ಕೂಗಿದ್ದಕ್ಕೆ, "ನೋಡೋಣ, ನೋಡೋಣ" ಅಂದದ್ದಷ್ಟೇ ನೆನಪು.

ಮನೆಗೆ ಬಂದವಳೇ ಅಚ್ಚುಗಳ ಪೆಟ್ಟಿಗೆ ತೆಗೆದು ಆ ಹಾಳೆಯ ಕವರು ಹುಡುಕಿದಳು. ಇಷ್ಟು ವರ್ಷದಲ್ಲಿ ಕವರಿನ ಮೇಲೆ ಏನು ಬರೆದಿದೆಯೆಂದು ಒಮ್ಮೆಯೂ ಓದಿದವಳಲ್ಲ. ಹೆಂಗಸಿನ ಹೆಸರು. ವಯಸ್ಸು ಅರವತ್ತೆಂಟು. ಎರಡು ವರ್ಷದ ಹಿಂದಿನ ತಾರೀಖು. ಕೆಳಗೆ ಬೀದಿ, ಮನೆ ನಂಬರು. ಹಿಟ್ಟಿನ ಗಿರಣಿಯ ಹಿಂದಿನ ಬೀದಿ, ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. "ಯಾಕೆ, ಮುಖ ಬಿಳಿಚಿಕೊಂಡಿದೆ?" ಎಂದು ಅತ್ತೆ ಕೇಳಿದರು. ಬಿಸಿಲು ಎಂದು ಹೇಳಿ ಅವಳು ಕವರನ್ನು ಚೀಲಕ್ಕೆ ಸೇರಿಸಿದಳು.

ಮಾರನೆಯ ದಿನ ಬೆಳಿಗ್ಗೆ ಆ ಬೀದಿಯಲ್ಲಿ ವಿಚಾರಿಸಿದಾಗ, "ಓ, ಟೈಪಿಂಗ್ ಮೇಡಂ ಮನೇನಾ?" ಎಂದು ಕೈ ತೋರಿಸಿದರು. ಅಂದರೆ ಇನ್ನೂ ಇದ್ದಾರೆ. ಬದುಕಿದ್ದಾರೆ ಎಂಬುದರಿಂದ ಬಣ್ಣದಕ್ಕನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಾಗಿಲು ತಟ್ಟಲು ಕೈ ಎತ್ತಿದ್ದಳು, ಒಳಗಿಂದ ಕೆಮ್ಮು ಕೇಳಿಸಿತು. ಎರಡು ಚಿಕ್ಕದು, ಒಂದು ಉದ್ದದ್ದು. ಅದು ನಿಲ್ಲುವವರೆಗೂ ಕಾದು ತಟ್ಟಿದಳು.

ಬಾಗಿಲು ತೆರೆದದ್ದು ಸಣಕಲು ಮೈಯ, ದಪ್ಪ ಕನ್ನಡಕದ ಹೆಂಗಸು. ಬಂದವಳ ಮುಖ ನೋಡುವ ಮೊದಲು ಅವಳ ಉಗುರುಗಳನ್ನು ನೋಡಿದರು. ಸಂದಿಯಲ್ಲಿ ಬಣ್ಣ ಇನ್ನೂ ಉಳಿದಿತ್ತು.

"ಬೂದುನೀಲಿ" ಅಂದರು. "ಒಳಗೆ ಬಾಮ್ಮಾ. ಯಾರಾದ್ರೂ ಬರ್ತಾರೆ ಅಂತ ಗೊತ್ತಿತ್ತು."

ಹಾಲ್‌ನಲ್ಲಿ ಬಟ್ಟೆ ಮುಚ್ಚಿದ ಎರಡು ಟೈಪ್‌ರೈಟರುಗಳಿದ್ದವು. ಬಣ್ಣದಕ್ಕ ಕುರ್ಚಿಯ ತುದಿಗೆ ಕುಳಿತು ಕವರನ್ನು ಮುಂದಿಟ್ಟಳು. ಮೇಡಂ ಅದನ್ನು ತಿರುಗಿಸಿ ನೋಡಿ, "ನಾನೇ ಗುಜರಿಗೆ ಹಾಕಿದ್ದು, ಹಳೇ ಪೇಪರ್ ಜೊತೆ. ಯಾವ ಡಾಕ್ಟರೂ ಅದನ್ನ ಮತ್ತೆ ಕೇಳಲಿಲ್ಲ" ಅಂದರು. ಆಮೇಲೆ, ನಿನ್ನೆ ಮೊನ್ನೆ ನೆಂಟರ ಮನೆಗೆ ಹೋಗಿ ಬಂದವರ ಹಾಗೆ ಮಾತು ಶುರು ಮಾಡಿದರು.

"ಹೋದ ಮಂಗಳವಾರದ ಹಿಂದಿನ ಮಂಗಳವಾರದಿಂದ. ಊಟ ಮಾಡಿ ಅಡ್ಡಾಗ್ತೀನಲ್ಲ, ಕಣ್ಣು ಮುಚ್ಚಿದ ತಕ್ಷಣ ನಾನು ಇಲ್ಲಿರಲ್ಲ. ಒಂದು ಮಂಚ ಕಾಣುತ್ತೆ, ಮೇಲಿಂದ. ಫ್ಯಾನಿನ ಒಂದು ರೆಕ್ಕೆಗೆ ಟೇಪ್ ಸುತ್ತಿದಾರೆ. ನನ್ನ ಎದೆಗೇ ತಲೆ ಕೊಟ್ಟು ಒಂದು ಹುಡುಗಿ ಮಲಗಿರ್ತಾಳೆ. ಅವಳ ಕೂದಲು ಹಿಟ್ಟಿನ ವಾಸನೆ."

ಫ್ಯಾನಿಗೆ ಪೇಪರು ಮುಚ್ಚುವಾಗ ಆ ಟೇಪನ್ನು ಬಣ್ಣದಕ್ಕನೂ ಕಂಡಿದ್ದಳು.

"ಅವಳು ಮಾತಾಡ್ತಾಳಮ್ಮಾ" ಅಂದರು ಮೇಡಂ. "ಗಂಡ ಡ್ಯೂಟಿಗೆ ಹೋದ ಮೇಲೆ, ಮುಖ ನನ್ನ ಕಡೆ ಮಾಡಿಕೊಂಡು. ಈಗ ಆಗಿದ್ರೆ ಹಲ್ಲು ಬರ್ತಿತ್ತು ಅಂತಾಳೆ. ಈಗ ಆಗಿದ್ರೆ ಗೋಡೆ ಹಿಡಿದು ನಿಲ್ತಿತ್ತು ಅಂತಾಳೆ. ಹೆಸರೂ ಇಟ್ಟಿದಾಳೆ. ನಾನು ಉತ್ತರ ಕೊಡೋಣ ಅಂದ್ರೆ ಬಾಯಿ ಬರಲ್ಲ. ಕೆಮ್ಮು ಒಂದೇ ಬರೋದು. ಅದಕ್ಕೇ ಕೆಮ್ತೀನಿ. ಇದೀನಿ, ಕೇಳ್ತಿದೀನಿ ಅನ್ನೋಕೆ."

"ಹೆದರಿಕೆ ಆಗಲ್ವಾ ಮೇಡಂ?"

"ಮೊದಲ ದಿನ ಆಯ್ತು. ಈಗ ಊಟಾನ ಬೇಗ ಮುಗಿಸ್ತೀನಿ."

ಬಣ್ಣದಕ್ಕ ಕೇಳಿದಳು: "ಅವರ ಯಜಮಾನರು ಗೋಡೆಗೆ ಬೇರೆ ಬಣ್ಣ ಬಳಿಸ್ತೀನಿ ಅಂತಿದಾರೆ. ಬಳಿದ್ರೆ ನಿಮಗೇನಾದ್ರೂ..."

"ಯಾರಿಗೆ ಗೊತ್ತು? ಎಕ್ಸ್‌ರೇ ರಿಪೋರ್ಟಲ್ಲಿ ಅದನ್ನೆಲ್ಲ ಬರೆದಿರಲ್ಲ" ಎಂದು ಮೇಡಂ ನಕ್ಕರು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು, "ಅದು ಅವಳ ಗೋಡೆ. ಅವಳನ್ನೇ ಕೇಳು" ಅಂದರು. ಅವಳನ್ನು ಒಮ್ಮೆ ಇಲ್ಲಿಗೆ ಕರೆತರಲೇ ಎಂದದ್ದಕ್ಕೆ ಮಾತ್ರ ತಲೆ ಅಲ್ಲಾಡಿಸಿದರು. "ಬೇಡ. ಎದುರಿಗೆ ಕೂತ್ರೆ ಅವಳ ಬಾಯಿ ಕಟ್ಟಿಬಿಡುತ್ತೆ."

ಹೊರಡುವಾಗ ಬಣ್ಣದಕ್ಕ ತನ್ನ ನಂಬರನ್ನು ಪಕ್ಕದ ಮನೆಯವರಿಗೆ ಕೊಟ್ಟು, ಅಲ್ಲಿಂದ ನೇರ ಡ್ರೈವರನ ಮನೆಗೆ ಹೋದಳು, ಆಗಲೇ ಊಟದ ಹೊತ್ತು ದಾಟಿತ್ತು. ಅಲ್ಲಿ ಅವನು ಬಿಳಿ ಬಣ್ಣದ ಡಬ್ಬ ತಂದು ಮುಚ್ಚಳ ತೆಗೆದಾಗಿತ್ತು, ರೋಲರ್ ಕೈಯಲ್ಲಿತ್ತು. ಹುಡುಗಿ ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು.

"ನೀವಾದ್ರೂ ಹೇಳಿ ಅಕ್ಕಾ" ಅಂದ ಅವನು. "ದೆವ್ವದ ಜೊತೆ ಸಂಸಾರ ಮಾಡೋಕಾಗುತ್ತಾ?"

"ಅದೇನೂ ಮಾಡಲ್ಲ. ಬಳೀಬೇಡಿ" ಅಂದಳು ಹುಡುಗಿ.

ಬಣ್ಣದಕ್ಕ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಸುತ್ತಿ ಬಳಸದೆ ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದಳು. ಹುಡುಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ಎಲ್ಲಾ ಕೇಳಿಸ್ಕೊಂಡಿದಾರಾ?"

"ಎಲ್ಲಾ."

"ಹೆಸರೂನಾ?"

"ಅದನ್ನ ನನಗೆ ಹೇಳಲಿಲ್ಲ ಅವರು. ನಿನ್ನದು ಅಂತ ಇಟ್ಕೊಂಡಿದಾರೆ."

ಹುಡುಗಿ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅಡುಗೆಮನೆಯಲ್ಲಿ ನಿಂತ ಬಣ್ಣದಕ್ಕನಿಗೆ ಮಾತು ಕೇಳಿಸಲಿಲ್ಲ, ದನಿ ಮಾತ್ರ ಕೇಳಿಸಿತು. ಹುಡುಗಿಯದೇ ದನಿ, ನಿಲ್ಲದೆ, ಒಂದು ವರ್ಷದ್ದೆಲ್ಲ ಒಟ್ಟಿಗೆ. ಬಹಳ ಹೊತ್ತಿನ ಮೇಲೆ ಗಂಡಸಿನ ಅಳು. ಆಮೇಲೆ ಎರಡು ಚಿಕ್ಕ ಕೆಮ್ಮು, ಒಂದು ಉದ್ದದ್ದು. ಯಾರೂ ಕಿರುಚಲಿಲ್ಲ. ಕೊನೆಗೆ ಡ್ರೈವರ್ ಹೊರಬಂದ. ಮುಖ ಊದಿಕೊಂಡಿತ್ತು. ಬಣ್ಣದ ಡಬ್ಬಕ್ಕೆ ಮುಚ್ಚಳ ಹಾಕಿ, ಅಂಗೈಯಿಂದ ಸುತ್ತಲೂ ಗುದ್ದಿ ಬಿಗಿ ಮಾಡಿ, ಬಾಲ್ಕನಿಗೆ ಒಯ್ದಿಟ್ಟ.

ಆಮೇಲಿನ ನಾಲ್ಕು ತಿಂಗಳು ಬಣ್ಣದಕ್ಕ ಒಂದು ಹೊಸ ಅಚ್ಚನ್ನೂ ಎಕ್ಸ್‌ರೇಯಲ್ಲಿ ಕತ್ತರಿಸಲಿಲ್ಲ. ವಾರಕ್ಕೊಮ್ಮೆ ಮೇಡಂ ಮನೆಗೆ ಹೋಗಿ ಬರುತ್ತಿದ್ದಳು. ಮೇಡಂ ದಿನೇ ದಿನೇ ಸೊರಗುತ್ತಿದ್ದರು, ಕೆಮ್ಮಿದರೆ ಟೈಪ್‌ರೈಟರ್ ಹಿಡಿದು ನಿಲ್ಲಬೇಕಾಗುತ್ತಿತ್ತು. "ಈಗ ಅವನೂ ಮಾತಾಡ್ತಾನೆ. ಮಗು ಇದ್ದಿದ್ರೆ ಬಸ್ಸಿನ ಹಾರ್ನ್ ಹಾಕಿ ನಗಿಸ್ತಿದ್ದೆ ಅಂತಾನೆ, ಪೆದ್ದ" ಎಂದು ಒಂದು ಸಲ ಹೇಳಿದ್ದರು.

ಒಂದು ಬೆಳಿಗ್ಗೆ ಪಕ್ಕದ ಮನೆಯವರ ಫೋನು ಬಂತು. ಅವಳು ಹೋಗುವಷ್ಟರಲ್ಲಿ ಬಾಗಿಲ ಹೊರಗೆ ಹತ್ತಾರು ಜೊತೆ ಚಪ್ಪಲಿಗಳಿದ್ದವು. ಹಳೆಯ ಶಿಷ್ಯೆಯರು ಬಂದಿದ್ದರು. ಆರು ಗಂಟೆಗೆ ಉಸಿರು ನಿಂತಿತಂತೆ. ಬಣ್ಣದಕ್ಕ ಮಧ್ಯಾಹ್ನದವರೆಗೂ ಅಲ್ಲಿದ್ದು ಎಲ್ಲ ಮುಗಿಸಿಕೊಂಡು ಬಸ್ಸು ಹತ್ತಿದಳು. ಸುದ್ದಿ ಹೇಗೆ ಹೇಳಲಿ, ಆ ಹುಡುಗಿ ಆಗಲೇ ಗೋಡೆಯ ಮುಂದೆ ಕೂತು ಕಾಯುತ್ತಿರುತ್ತಾಳೇನೋ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ಬಾಗಿಲು ತೆರೆದ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಬನ್ನಿ ಅಕ್ಕಾ. ಮಲಗಿದಾರೆ."

"ಯಾರು?"

"ಅವರೇ. ಕಾರ್ಖಾನೆಯಿಂದ ಬಂದಾಗಿನಿಂದ ನೋಡ್ತಿದೀನಿ, ಒಂದು ಸಲವೂ ಕೆಮ್ಮಿಲ್ಲ."

ಹುಡುಗಿಯೇ ಬಣ್ಣದಕ್ಕನ ಕೈ ಹಿಡಿದು ಕರೆದೊಯ್ದಳು. ಪರದೆ ಎಳೆದಿತ್ತು. ನಸುಗತ್ತಲಲ್ಲಿ ಎಲೆಗಳು ಹಾಲಿನಂತೆ ಕಾಣುತ್ತಿದ್ದವು. ಉಸಿರು ಕೇಳಿಸಿತು. ದೀರ್ಘವಾದ, ತಡೆಯಿಲ್ಲದ, ಒಳ್ಳೆಯ ನಿದ್ದೆಯ ಉಸಿರು. ಎಲೆಗಳೆಲ್ಲ ಅದರ ಜೊತೆ ನಿಧಾನ ಏರಿ ಇಳಿಯುತ್ತಿದ್ದವು.

"ಮೇಡಂ ಬೆಳಿಗ್ಗೆ ಹೋಗಿಬಿಟ್ರಮ್ಮಾ" ಅಂದಳು ಬಣ್ಣದಕ್ಕ. ಜೋಡಿಸಿಕೊಂಡ ಮಾತುಗಳಲ್ಲಿ ಇಷ್ಟೇ ಉಳಿದಿತ್ತು.

ಹುಡುಗಿ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಣ್ಣು ತುಂಬಿ ಬಂತು. ಆದರೆ ಗೋಡೆಯಿಂದ ಕಣ್ಣು ಕೀಳಲಿಲ್ಲ. "ಗೊತ್ತಾಯ್ತು" ಅಂದಳು. "ಸರಿಯಾಗಿ ಕೇಳಿ ಅಕ್ಕಾ. ಅವರು ಒಬ್ಬರೇ ಇಲ್ಲ."

ಬಣ್ಣದಕ್ಕ ಕಿವಿಗೊಟ್ಟಳು. ಆ ದೀರ್ಘ ಉಸಿರಿನ ಮಗ್ಗುಲಲ್ಲಿ ಇನ್ನೊಂದಿತ್ತು. ಚಿಕ್ಕದು, ಅವಸರದ್ದು, ದೊಡ್ಡ ಉಸಿರು ಒಂದು ಸಲ ಬರುವಷ್ಟರಲ್ಲಿ ಇದು ಎರಡು ಸಲ ಬಂದು ಹೋಗುತ್ತಿತ್ತು. ಬಣ್ಣದಕ್ಕನಿಗೆ ಓಡಿಹೋಗಬೇಕೆನ್ನಿಸಿತು, ಹಿಡಿದ ಕೈ ಬಿಡಿಸಿಕೊಳ್ಳಲಾಗಲಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಡ್ರೈವರ್ ಬಂದಾಗ ಇಬ್ಬರೂ ಹಾಲ್‌ನಲ್ಲಿ ದನಿ ತಗ್ಗಿಸಿ ಮಾತಾಡುತ್ತ ಕುಳಿತಿದ್ದರು. ಅವನು ಯಾಕೆ ಎಂದು ಕೇಳಲಿಲ್ಲ. ಬೂಟುಗಳನ್ನು ಬಾಗಿಲಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ.