ಬಲಕ್ಕೆ ಸರಿದರೆ ಬಿಡುವ ಹೊಲಿಗೆ

ಮೊದಲ ಸಾಲು ಮುಗಿಯುವ ಮುನ್ನವೇ ಸೊಸೆಗೆ ಗೊತ್ತಾಯಿತು. ಕೌದಿ ಬಿಗಿದ ಚೌಕಟ್ಟಿನ ಮೇಲೆ ಹೊಲಿಗೆ ಯಂತ್ರವನ್ನು ಎಡಕ್ಕೆ ಸರಿಸಿದಾಗ ಹೊಲಿಗೆ ಅಚ್ಚುಕಟ್ಟಾಗಿ ಬೀಳುತ್ತಿತ್ತು. ಬಲಕ್ಕೆ ಸರಿಸಿದರೆ ನಡುನಡುವೆ ಹೊಲಿಗೆ ಬಿಟ್ಟುಹೋಗಿ ದಾರ ಸಡಿಲವಾಗಿ ಬಟ್ಟೆಯ ಮೇಲೇ ಉಳಿಯುತ್ತಿತ್ತು. ಯಂತ್ರ ನಿಲ್ಲಿಸಿದಳು.

ಬೇರೆ ದಿನವಾಗಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಆದರೆ ಕೌದಿಯ ಒಡತಿ ಎದುರಿಗೇ ಸ್ಟೂಲಿನ ಮೇಲೆ ಕುಳಿತಿದ್ದರು. ಓಣಿಯವರೆಲ್ಲ ನರ್ಸಮ್ಮ ಎನ್ನುವ ಹೆಂಗಸು. ತೀರಿಹೋದ ಗಂಡನ ಅಂಗಿಗಳನ್ನು ತಾವೇ ಕತ್ತರಿಸಿ, ತುಂಡುಗಳನ್ನು ಜೋಡಿಸಿ ತಂದಿದ್ದರು. ಕೊಟ್ಟು ಹೋಗಿ ಎಂದರೆ ಒಪ್ಪಿರಲಿಲ್ಲ.

"ಏನಾಯ್ತು?"

"ಹೊಲಿಗೆ ಬಿಡ್ತಾ ಇದೆ. ಸ್ವಲ್ಪ ಬಿಚ್ಬೇಕು."

ದಾರ ಬಿಚ್ಚಿದ ಮೇಲೆ ನೀಲಿ ಅಂಗಿಯ ತುಂಡಿನಲ್ಲಿ ಸೂಜಿಯ ತೂತುಗಳು ಸಾಲಾಗಿ ಕಂಡವು. ಒಗೆದೊಗೆದು ತೆಳ್ಳಗಾದ ಬಟ್ಟೆ. ನರ್ಸಮ್ಮ ಬಗ್ಗಿ ನೋಡಿದರು.

ಸೊಸೆ ಹೊಸ ಸೂಜಿ ಹಾಕಿದಳು. ದಾರವನ್ನು ಮೊದಲಿಂದ ಪೋಣಿಸಿದಳು. ಬಾಬಿನ್ ತೆಗೆದು ಧೂಳು ಊದಿದಳು. ಪಕ್ಕದಲ್ಲಿದ್ದ ಅತ್ತೆ ಕೌದಿ ಸುತ್ತಿದ್ದ ರೋಲರನ್ನು ಕಟಕಟನೆ ತಿರುಗಿಸಿ ಇನ್ನಷ್ಟು ಬಿಗಿದರು. ಯಂತ್ರ ಹೊರಟಿತು. ಎಡಕ್ಕೆ ಹೋದಾಗ ಹೊಲಿಗೆ ಸರಿಯಾಗಿತ್ತು. ಬಲಕ್ಕೆ ಮತ್ತದೇ ಕಥೆ.

ಮತ್ತೆ ಬಿಚ್ಚಲು ಹೋದಾಗ ನರ್ಸಮ್ಮ ಅವಳ ಮಣಿಕಟ್ಟು ಹಿಡಿದರು.

"ಇನ್ನೆಷ್ಟು ಸಲ ಚುಚ್ತೀಯಮ್ಮ ಅವರಿಗೆ?"

ದಾರ ಹಿಡಿಯುವ ಒಳಗಿನ ಕೊಕ್ಕೆಯೇ ಜಾಗ ತಪ್ಪಿದೆಯೇನೋ ಎಂದು ಸೊಸೆ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಅದನ್ನು ಬಿಚ್ಚಿದರೆ ಮತ್ತೆ ಕೂರಿಸಲು ಅವಳಿಗೆ ಬಾರದು. ಕೆಳಗಿನಿಂದ ಒಮ್ಮೆ ನೋಡೋಣವೆಂದು ಬಗ್ಗಿ, ಕೌದಿಯ ಅಡಿಯಿಂದ ಬೆರಳು ಒತ್ತಿದಳು. ಬಟ್ಟೆ ಮಿಸುಕಲಿಲ್ಲ. ಡೋಲಿನ ಚರ್ಮದ ಹಾಗೆ ಬಿಗಿದುಕೊಂಡಿತ್ತು. ಇಷ್ಟು ಬಿಗಿಯಾದ ಬಟ್ಟೆ, ಯಂತ್ರ ಬಲಕ್ಕೆ ಸರಿಯುವಾಗ ಸೂಜಿಯನ್ನು ಹಿಡಿದು ಬಾಗಿಸುತ್ತಿತ್ತು. ಬಾಗಿದ ಸೂಜಿಯ ದಾರ ಕೊಕ್ಕೆಗೆ ಸಿಗುತ್ತಿರಲಿಲ್ಲ.

ಸ್ಕ್ರೂಡ್ರೈವರ್ ಕೆಳಗಿಟ್ಟಳು. ಹೊರಗಿನವರ ಎದುರು ಅತ್ತೆಗೆ ಹೇಗೆ ಹೇಳುವುದು?

"ಅತ್ತೆ, ರೋಲರ್ ಸ್ವಲ್ಪ ಸಡಿಲ ಬಿಡೋಣ."

"ಸಡಿಲ ಬಿಟ್ರೆ ಅಡಿಯ ಅಸ್ತರಿಗೆ ನೆರಿಗೆ ಬೀಳುತ್ತೆ. ಹೋದ ಸಲ ಆ ಟೈಲರ್ ಹೆಂಡತಿ ಕೌದೀನ ನಿನ್ನ ಮುಖಕ್ಕೆ ಎಸೆದು ಹೋದಳಲ್ಲ, ಮರೆತೆಯಾ?"

"ಅದಕ್ಕೇನಾ ಇಷ್ಟು ಬಿಗೀತಿರೋದು?"

"ಮತ್ತೆ? ಇನ್ನೊಬ್ಬರು ನಿನ್ನ ಮೇಲೆ ಬಾಯಿ ಮಾಡೋದನ್ನ ನೋಡ್ಕೊಂಡು ನಿಲ್ಲಲಾ?"

ಸೊಸೆ ಸಿಟ್ಟನ್ನು ನುಂಗಿಕೊಂಡಳು. "ಬಿಗಿ ಜಾಸ್ತಿಯಾಗೇ ಸೂಜಿ ಬಾಗ್ತಿದೆ, ಅತ್ತೆ. ಯಂತ್ರ ಕೆಟ್ಟಿಲ್ಲ."

ಅತ್ತೆಯ ಮುಖ ಸಣ್ಣದಾಯಿತು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ಸೊಸೆ ರೋಲರ್ ಹಿಂದೆ ತಿರುಗದಂತೆ ಹಿಡಿದಿದ್ದ ಹಲ್ಲುಗಳನ್ನು ಬಿಡಿಸಿದಳು. ಅಡಿಯಿಂದ ಒತ್ತಿದ ಬೆರಳ ತುದಿಯನ್ನು ಮೇಲಿನಿಂದ ಬಟ್ಟೆಯ ಸಮೇತ ಹಿಡಿಯಲು ಬರುವಷ್ಟು ಸಡಿಲಿಸಿದಳು.

"ಮೊದಲು ಅಂಚಿನ ಅಸ್ತರಿನ ಮೇಲೆ ನೋಡ್ತೀನಿ, ನರ್ಸಮ್ಮ. ಅಂಗಿಗೆ ತಾಗಿಸಲ್ಲ."

ನರ್ಸಮ್ಮ ತಲೆಯಾಡಿಸಿದರು. ಅಂಚಿನಲ್ಲಿ ಯಂತ್ರ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಒಂದೂ ಬಿಡಲಿಲ್ಲ. ಆಮೇಲೆ ಸೊಸೆ ಉಳಿದಿದ್ದ ಸಡಿಲ ಹೊಲಿಗೆ ಬಿಚ್ಚಿ ಅಂಗಿಯ ಮೇಲೆ ಸೂಜಿ ಇಳಿಸಿದಳು. ಸಾಲು ಪೂರ್ತಿ ಬಿತ್ತು.

ಅಷ್ಟರಲ್ಲಿ ಟಾರ್ಚ್ ಹಿಡಿದು ಬಂದ ಅತ್ತೆ, ಯಾರ ಮುಖವನ್ನೂ ನೋಡದೆ, ಚೌಕಟ್ಟಿನ ಅಡಿಗೆ ತೂರಿ ಅಂಗಾತ ಮಲಗಿದರು. ಬೆಳಕು ಅಸ್ತರಿನ ಉದ್ದಕ್ಕೂ ಮೆಲ್ಲಗೆ ಹರಿಯಿತು.

"ನೆರಿಗೆ ಇಲ್ಲ," ಎಂದಿತು ಅಡಿಯಿಂದ ದನಿ. "ಆದ್ರೂ ಪ್ರತಿ ಸಾಲಿಗೂ ನೋಡ್ತೀನಿ."

"ನೋಡಿ ಅತ್ತೆ. ನೋಡಲೇಬೇಕು."

ನೀಲಿ ತುಂಡಿನ ತೂತುಗಳು ಹಾಗೇ ಇದ್ದವು. ಸೊಸೆ ಬಟ್ಟಲಲ್ಲಿ ನೀರು ತಂದು, ಬೆರಳು ಅದ್ದಿ, ಒಂದು ತೂತಿನ ಸುತ್ತ ಉಗುರಿನಿಂದ ಉಜ್ಜಿ ತೋರಿಸಿದಳು. ಎಳೆಗಳು ಮೆಲ್ಲಗೆ ಒಂದಕ್ಕೊಂದು ಹತ್ತಿರವಾದವು.

"ಕೊಡು, ನಾನು ಮಾಡ್ತೀನಿ," ಎಂದು ನರ್ಸಮ್ಮ ಬಟ್ಟಲು ತೆಗೆದುಕೊಂಡು ಉಳಿದ ತೂತುಗಳನ್ನು ಉಜ್ಜತೊಡಗಿದರು. ಕೆಲವು ಮುಚ್ಚಿದವು, ಕೆಲವು ಮುಚ್ಚಲಿಲ್ಲ.