ಚಿಕ್ಕ ಮುಖದ ಮೂರು ನೋಟು

ಬ್ಯೂನಸ್ ಐರಿಸಿನ ಫ್ಲೋರಿಡಾ ಬೀದಿಯಲ್ಲಿ ಹತ್ತೊಂಬತ್ತು ವರ್ಷದಿಂದ "ಕಾಂಬಿಯೋ, ಕಾಂಬಿಯೋ", ಅಂದರೆ 'ನೋಟು ಬದಲಿ' ಎಂದು ಕೂಗಿಕೊಂಡು ನಿಂತವಳು ನಾನು, ಎರ್ಸಿಲಿಯಾ. ಒಂದೇ ಕಡೆ ನಿಂತು ಹಸಿರು ಡಾಲರ್ ನೋಟು ಬದಲಿಸಿ ಕೊಡಿಸುತ್ತೇವೆಂದು ನಮ್ಮನ್ನು 'ಗಿಡ' ಎನ್ನುತ್ತಾರೆ. ನನ್ನ ಮೈ ನೋಡಿದರೆ ಮರ ಎನ್ನಬೇಕಿತ್ತು, ಇರಲಿ. ಆ ವರ್ಷ ಬ್ಯಾಂಕಿಗೆ ಡಾಲರು ಕೊಟ್ಟರೆ ಸಿಗುತ್ತಿದ್ದ ಪೆಸೊ ಗುಹೆಯಲ್ಲಿ ಸಿಗುತ್ತಿದ್ದುದರ ಅರ್ಧ. ಗುಹೆ ಎಂದರೆ ಬೇರೇನಲ್ಲ, ಕದ್ದುಮುಚ್ಚಿ ಡಾಲರು ಬದಲಿಸುವ ಜಾಗ, ಡಾನ್ ಔರೆಲಿಯೋನ ಗಡಿಯಾರದಂಗಡಿಯ ಹಿಂದಿನ ಕೋಣೆ. ಹೊರದೇಶದವರನ್ನು ಅಲ್ಲಿಗೆ ತಲುಪಿಸಿದರೆ ನನಗೆ ಒಂದಿಷ್ಟು ಕಮಿಷನ್.

ಜನವರಿಯ ಬಿರುಬಿಸಿಲಿನ ಒಂದು ಮಧ್ಯಾಹ್ನ, ಎರಡೂವರೆ ಇರಬೇಕು, ಅರವತ್ತರ ಹೆಂಗಸೊಬ್ಬಳು ಹತ್ತಿರ ಬಂದಳು. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದಳು.

"ಅಮ್ಮಾ, ಇಲ್ಲಿ ಡಾಲರ್‌ಗೆ ಒಳ್ಳೇ ರೇಟ್ ಕೊಡ್ತಾರಂತಲ್ಲ?"

"ಕೈ ತೆಗೆದು ಹೇಳಿ, ಕೇಳಿಸಲ್ಲ."

ತೆಗೆದಳು. ಮೇಲಿನ ಸಾಲಿನಲ್ಲಿ ಒಂದೂ ಹಲ್ಲಿರಲಿಲ್ಲ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಹೆಸರು ಸೆಲ್ಮಿರಾ. ನದಿಯಾಚೆ, ಉರುಗ್ವೆಯ ಕೊಲೋನಿಯಾದಿಂದ ಬೆಳಗಿನ ದೋಣಿಯಲ್ಲಿ ಬಂದಿದ್ದಳು. ಶನಿವಾರ ಮಗಳ ಮದುವೆ. ಹಲ್ಲಿನ ಸೆಟ್ಟು ಇಲ್ಲೇ ತಯಾರಾಗಿತ್ತು. ಐದು ಗಂಟೆಗೆ ಡಾಕ್ಟರು ಬಾಗಿಲು ಹಾಕಿ, ತಿಂಗಳು ಪೂರ್ತಿ ಸಮುದ್ರದ ಕಡೆ ರಜೆಗೆ ಹೋಗುವವನಿದ್ದ. ಆ ಮಹಾನುಭಾವ ಡಾಲರನ್ನು ತೆಗೆದುಕೊಂಡರೂ ಬ್ಯಾಂಕಿನ ದರದಲ್ಲೇ ಲೆಕ್ಕ ಹಿಡಿಯುತ್ತಾನಂತೆ.

"ಬ್ಯಾಂಕ್ ರೇಟಿಗೆ ಕೊಟ್ರೆ ಅರ್ಧ ಸಾಲು ಹಲ್ಲು ಬರತ್ತೆ ನೋಡಿ," ಎಂದು ತಾನೇ ನಕ್ಕು, ಮತ್ತೆ ಬಾಯಿ ಮುಚ್ಚಿಕೊಂಡಳು.

ಗುಹೆಗೆ ಕರೆದುಕೊಂಡು ಹೋದೆ. ಸೆಲ್ಮಿರಾ ಗೋಡೆಗೆ ತಿರುಗಿ ರವಿಕೆಯೊಳಗಿಂದ ಬಟ್ಟೆಯ ಚೀಲ ತೆಗೆದಳು. ಅದರೊಳಗಿದ್ದವು ನೂರು ಡಾಲರಿನ ಮೂರು ನೋಟು, ಒಂದೊಂದನ್ನೂ ಎಂಟು ಮಡಿಕೆ ಮಡಚಿಟ್ಟಿದ್ದಳು. ಬಿಚ್ಚಿದಾಗ ನೋಡುತ್ತೇನೆ, ನೋಟಿನ ಮೇಲಿನ ತಾತನ ಮುಖ ಚಿಕ್ಕದು! ಹಳೆಯ ಕಾಲದ ನೋಟು. ನಮ್ಮೂರಿನಲ್ಲಿ ದೊಡ್ಡ ಮುಖದ, ಗರಿಗರಿ ನೋಟಿಗೇ ಮರ್ಯಾದೆ. ಚಿಕ್ಕ ಮುಖಕ್ಕೆ ಬೆಲೆ ಕಡಿಮೆ. ಮಡಿಕೆ ಬಿದ್ದಿದ್ದರಂತೂ ಮುಟ್ಟುವವರಿಲ್ಲ.

ಡಾನ್ ಔರೆಲಿಯೋ ನೋಟು ಅಸಲಿಯೋ ಖೋಟಾವೋ ಎಂದು ನೋಡುವ ದೀಪ ಕೂಡ ಹಾಕಲಿಲ್ಲ. "ಇವನ್ನ ನಮ್ಮ ಮಿಷನ್ ಓದಲ್ಲ ತಾಯಿ. ವಾಪಸ್ ತಗೊಂಡ್ಹೋಗಿ."

"ಅಮೆರಿಕದಲ್ಲಿ ಇದೂ ನೂರೇ ಅಲ್ವೇನ್ರೀ?" ಎಂದು ನಾನೇ ಜಗಳಕ್ಕೆ ನಿಂತೆ.

"ಹಾಗಾದ್ರೆ ಅಮೆರಿಕಕ್ಕೇ ಹೋಗಿ ಹಲ್ಲು ಕಟ್ಟಿಸ್ಕೊಳ್ಳಲಿ."

ಸೆಲ್ಮಿರಾ ನೋಟುಗಳನ್ನು ಮತ್ತೆ ಎಂಟು ಮಡಿಕೆ ಮಾಡತೊಡಗಿದಳು. "ಹನ್ನೆರಡು ವರ್ಷ ಕೂಡಿಟ್ಟಿದ್ದು," ಎಂದಳು. "ಕಳೀಬಾರ್ದು ಅಂತ ಸಣ್ಣದಾಗಿ ಮಡಚಿದೆ. ಹೋಗ್ಲಿ ಬಿಡಿ, ಫೋಟೋ ತೆಗೆಯೋವಾಗ ಬಾಯಿ ಮುಚ್ಕೊಂಡಿರ್ತೀನಿ."

ನನ್ನ ಮದುವೆಯ ಫೋಟೋದಲ್ಲಿ ನನ್ನಮ್ಮನೂ ಹಾಗೇ ನಿಂತಿದ್ದಾಳೆ, ಬಾಯಿಗೆ ಕೈ ಅಡ್ಡ ಹಿಡಿದು. ಅವಳ ನಗು ಹೇಗಿತ್ತೆಂದು ನನ್ನ ಮಕ್ಕಳಿಗೆ ಗೊತ್ತೇ ಇಲ್ಲ.

"ಮಡಚ್ಬೇಡಿ, ಇಲ್ಲಿ ಕೊಡಿ," ಎಂದೆ. "ಇಲ್ಲೇ ಕೂತಿರಿ. ಎದ್ದು ಹೋದ್ರೆ ಜೋಕೆ!"

ಬಸ್ಸು ಹತ್ತಿ ಸಾನ್ ಟೆಲ್ಮೋದ ನನ್ನ ಬಾಡಿಗೆ ಕೋಣೆಗೆ ಓಡಿದೆ. ಚಹಾದಂತೆ ಕುಡಿಯುವ 'ಮಾತೆ' ಸೊಪ್ಪಿನ ಡಬ್ಬಿಯ ತಳದಲ್ಲಿ ನನ್ನ ಜನ್ಮದ ಗಳಿಕೆ ಇತ್ತು: ದೊಡ್ಡ ಮುಖದ ಐದೇ ಐದು ನೋಟು, ಇಸ್ತ್ರಿ ಮಾಡಿದ ಹಾಗೆ. ಮೂರನ್ನು ತೆಗೆದು, ಅವಳ ಮೂರನ್ನು ಆ ಜಾಗದಲ್ಲಿಟ್ಟೆ. ಡಬ್ಬಿಯಲ್ಲಿ ಮಲಗುವ ನೋಟಿಗೆ ಮುಖ ಎಷ್ಟು ದೊಡ್ಡದಿದ್ದರೇನು?

ನಾನು ತಂದ ನೋಟುಗಳನ್ನು ಡಾನ್ ಔರೆಲಿಯೋ ತೆಗೆದುಕೊಂಡು ಪೆಸೊ ಕೊಟ್ಟ. ಸೆಲ್ಮಿರಾ ನನ್ನ ಎರಡೂ ಕೈ ಹಿಡಿದುಕೊಂಡಳು. "ನಾಲ್ಕೂವರೆ ಆಯ್ತು, ಓಡಿ!" ಎಂದು ಗದರಿ ಕಳಿಸಿದೆ.

ಬೀದಿಗೆ ಬಂದರೆ ತಾಟೋ ಕಾದಿದ್ದ. ನನ್ನ ಪಕ್ಕದ ಗಿಡ ಅವನು, ಬರೀ ಮುಳ್ಳು. ನಡೆದದ್ದನ್ನೆಲ್ಲ ಕೇಳಿಕೊಂಡು ಹೊಟ್ಟೆ ಹಿಡಿದು ನಕ್ಕ.

"ಎರ್ಸಿಲಿಯಕ್ಕಾ, ಆ ನೋಟು ಅಸಲಿ ಅಂತ ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಗುಹೆಯ ದೀಪದ ಕೆಳಗೆ ಅವು ಹೋಗಿರಲೇ ಇಲ್ಲ. ಹತ್ತೊಂಬತ್ತು ವರ್ಷ ಇದೇ ಕಸುಬು ಮಾಡಿದವಳು, ಬೆರಳಿನಿಂದ ಉಜ್ಜಿಯೂ ನೋಡಿರಲಿಲ್ಲ!

"ಹಲ್ಲಿಲ್ಲದ ಮುದುಕಿ ಕಚ್ಚಿಬಿಟ್ಲಲ್ಲಕ್ಕ ನಿನ್ನ!"

ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಆದರೆ ಡಾಕ್ಟರು ಯಾರು, ಎಲ್ಲಿ? ಮಗಳ ಮದುವೆ ನಿಜವೋ ಸುಳ್ಳೋ? ಕೇಳಿರಲಿಲ್ಲ. ಐದಾಯಿತು, ಐದೂವರೆಯಾಯಿತು. ಮನೆಗೆ ಹೋಗಿ ನೋಟು ಪರೀಕ್ಷಿಸಲು ಧೈರ್ಯ ಬರಲಿಲ್ಲ.

ಆರಕ್ಕೆ ಹತ್ತು ನಿಮಿಷವಿದ್ದಾಗ ಜನರ ನಡುವಿನಿಂದ ಯಾರೋ "ಎರ್ಸಿಲಿಯಾ!" ಎಂದು ಕೂಗಿದರು. ಸೆಲ್ಮಿರಾ! ಕೈ ಬಾಯಿಯ ಮೇಲಿರಲಿಲ್ಲ. ಆ ಕೈಯಲ್ಲಿ ಮೂಲೆಯ ಗಾಡಿಯ ಬಿಸಿ ಸಕ್ಕರೆ ಕಡಲೆಬೀಜದ ಪೊಟ್ಟಣವಿತ್ತು.

"ದೋಣಿಗೆ ಹೊತ್ತಾಯ್ತು. ಆದ್ರೂ ನಿಮಗೆ ತೋರಿಸದೆ ಹೋಗೋದು ಹೇಗೆ?" ಎಂದು, ನಡುಬೀದಿಯಲ್ಲಿ ನಿಂತು ಕಿವಿಯಿಂದ ಕಿವಿಗೆ ನಕ್ಕಳು.

ಖೋಟಾ ನೋಟು ಕೊಟ್ಟವಳು ಹಲ್ಲು ತೋರಿಸಲು ವಾಪಸು ಬರುತ್ತಾಳೆಯೇ? ಅಬ್ಬ! ನಗು, ಅಳು ಎರಡೂ ಒಟ್ಟಿಗೇ ಬಂದವು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಇವತ್ತು ನನಗೆ ಎರಡೂ ಇದೆ," ಎಂದು ಸೆಲ್ಮಿರಾ ಒಂದು ಬೀಜ ಬಾಯಿಗೆ ಹಾಕಿಕೊಂಡಳು.

"ಅಯ್ಯೋ ಪುಣ್ಯಾತ್ಗಿತ್ತಿ, ಉಗೀರಿ ಅದನ್ನ! ಮದುವೆ ಆಗೋವರೆಗೂ ಏನೂ ಕಚ್ಚಬೇಡಿ!" ಎಂದು ಕಿರುಚಿ ಪೊಟ್ಟಣ ಕಿತ್ತುಕೊಂಡೆ.

ಅವಳು ದೋಣಿಯತ್ತ ಓಡಿದಳು. ಕಡಲೆಬೀಜವನ್ನು ತಾಟೋಗೆ ಒಂದೂ ಕೊಡದೆ ನಾನೇ ತಿಂದೆ. ಹತ್ತು ದಿನದ ಮೇಲೆ ಗಡಿಯಾರದಂಗಡಿಯ ವಿಳಾಸಕ್ಕೆ ನನ್ನ ಹೆಸರಿಗೆ ಅಂಚೆಯಲ್ಲಿ ಒಂದು ಫೋಟೋ ಬಂತು. ಅದರಲ್ಲಿ ಮದುಮಗಳಿಗಿಂತ ಅವಳ ಅಮ್ಮನದೇ ದೊಡ್ಡ ನಗು. ಅದನ್ನು ನನ್ನಮ್ಮನ ಫೋಟೋದ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಚಿಕ್ಕ ಮುಖದ ಮೂರು ನೋಟು ಈಗಲೂ ಡಬ್ಬಿಯಲ್ಲಿವೆ. ದೀಪದ ಕೆಳಗೆ ಇವತ್ತಿನವರೆಗೂ ಇಟ್ಟಿಲ್ಲ.